ಪ್ರಾಚಿಯ ಕೈಗೆ ಕಟ್ಟಿದ ದಾರ

ಶನಿವಾರ ಮಧ್ಯಾಹ್ನ ಹಾರ್ಮೋನಿಯಂ ಪೇಟಿಯ ಮುಂದೆ ಕೂತ ಗುರುದೇವಿಯ ಕಿವಿ ಮಕ್ಕಳ ಕಡೆಗಿತ್ತು, ಕಣ್ಣು ಮಾತ್ರ ಮುಂಬಾಗಿಲ ಕಡೆಗೇ ಹೋಗುತ್ತಿತ್ತು. ಬಾಗಿಲ ಹತ್ತಿರ ಮಕ್ಕಳು ಬಿಟ್ಟ ಶೂಗಳ ರಾಶಿ. ಅದರಲ್ಲಿ ಪ್ರಾಚಿಯ ಬಿಳಿ ಶೂ ಇರಲಿಲ್ಲ. ಕಳೆದ ವಾರವೂ ಇರಲಿಲ್ಲ. ಶರಣ್ಯಾ ಭೂಪ ರಾಗದ ಆರೋಹವನ್ನು ಲಿಫ್ಟಿನಲ್ಲಿ ನಿಂತವಳ ಹಾಗೆ, ಶ್ರಮವೂ ಇಲ್ಲದೆ ಸಂತೋಷವೂ ಇಲ್ಲದೆ ಮೇಲಕ್ಕೆ ಒಯ್ದು ಕೆಳಗಿಳಿಸಿದಳು. ಸಮರ್ಥನ ಸರದಿ ಬಂತು. ಅವನು ಆಕಳಿಸಿದ, ಆ ಆಕಳಿಕೆಯನ್ನೇ ಎಳೆದು ಆಲಾಪ ಮಾಡಿದ.

"ಪ್ರಾಚಿ ಎಲ್ಲೆ?" ಎಂದು ಗುರುದೇವಿ ಕೇಳಿದಳು.

"ಶಿ ಹ್ಯಾಸ್ ಕೊರಿಯನ್, ಆಂಟಿ," ಎಂದಳು ಶರಣ್ಯಾ, ಜ್ವರ ಬಂದಿದೆ ಎಂದು ಹೇಳುವ ದನಿಯಲ್ಲಿ.

ಲಂಡನ್ನಿನ ರೇನರ್ಸ್ ಲೇನಿನ ಈ ಮನೆಯ ಮುಂದಿನ ಕೋಣೆಯಲ್ಲಿ ಗುರುದೇವಿ ಎಷ್ಟು ಮಕ್ಕಳಿಗೆ ಸಾ ಹಿಡಿಸಿದ್ದಾಳೋ ಅವಳಿಗೇ ನೆನಪಿಲ್ಲ. ಧಾರವಾಡದಿಂದ ಬಂದ ಹೊಸತರಲ್ಲಿ ಶುರು ಮಾಡಿದ ಕ್ಲಾಸು ಅದು. ಡಾಕ್ಟರರ ಮಕ್ಕಳು, ಬ್ಯಾಂಕಿನವರ ಮಕ್ಕಳು, ಎಲ್ಲರೂ ಬರುತ್ತಾರೆ. ದೊಡ್ಡ ಪರೀಕ್ಷೆಗಳು ಹತ್ತಿರವಾಗುತ್ತಿದ್ದಂತೆ ಒಬ್ಬೊಬ್ಬರೇ ಬಿಟ್ಟುಹೋಗುತ್ತಾರೆ. ಅದಕ್ಕೆ ಅವಳು ಬೇಸರ ಮಾಡಿಕೊಂಡವಳಲ್ಲ. ಆದರೆ ಪ್ರಾಚಿ ಬೇರೆ. ವೆಂಬ್ಲಿಯ ಹೊಸ ಫ್ಲ್ಯಾಟುಗಳಿಂದ ಅವಳ ತಾಯಿ ವೈದೇಹಿ ಕೈ ಹಿಡಿದು ಕರೆತಂದಾಗ ಹುಡುಗಿಗೆ ಮುಂದಿನ ಎರಡು ಹಲ್ಲೂ ಇರಲಿಲ್ಲ. ತಂಬೂರಿಯ ಶ್ರುತಿ ಕೇಳುತ್ತಲೇ, ಯಾರೂ ಹೇಳಿಕೊಡದೆ, ಆ ಬೊಚ್ಚು ಬಾಯಿಯಿಂದ ಸರಿಯಾದ ಸಾ ಹೊರಟಿತ್ತು. ಗುರುದೇವಿ ಅಂದು ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಕಣ್ಣೊರೆಸಿಕೊಂಡು ಬಂದಳು. ಶಿಷ್ಯರ ಮುಂದೆ ಹೊಗಳಬಾರದು, ಹೊಗಳಿದರೆ ದನಿ ಕೆಡುತ್ತದೆ ಎಂದು ಅವಳ ಮಾಸ್ತರರು ಹೇಳುತ್ತಿದ್ದರು. ಪ್ರಾಚಿ ಬಂದು ಹತ್ತು ವರ್ಷವಾಯಿತು. ಮಾಸ್ತರರ ಗಾಯನ ಲಂಡನ್ನಿನಲ್ಲಿ ಎಲ್ಲಾದರೂ ಉಳಿದರೆ ಅದು ಈ ಹುಡುಗಿಯ ಗಂಟಲಲ್ಲಿ ಎಂದು ಗುರುದೇವಿ ಯಾವತ್ತೋ ತೀರ್ಮಾನಿಸಿದ್ದಳು. ಹುಡುಗಿಗೆ ಮಾತ್ರ ಅದನ್ನು ಹೇಳಿರಲಿಲ್ಲ.

ಮಕ್ಕಳು ಹೋದ ಮೇಲೆ ವೈದೇಹಿಗೆ ಫೋನ್ ಹಚ್ಚಿದಳು.

"ಬೇಜಾರ್ ಮಾಡ್ಕೋಬೇಡಿ ಆಂಟಿ," ಎಂದಳು ವೈದೇಹಿ, ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಯುತ್ತಲೇ. "ನಾನೇ ಹೇಳ್ಬೇಕಿತ್ತು, ಡ್ಯೂಟಿ ಮೇಲೆ ಡ್ಯೂಟಿ, ಮರ್ತೇ ಹೋಯ್ತು. ಅವ್ಳಿಗೆ ಆ ಕೊರಿಯನ್ ಹಾಡಿನ ಹುಚ್ಚು ನಿಮ್ಗೆ ಗೊತ್ತಲ್ಲ. ಅವ್ರ ಸರ್ಕಾರದ ಸೆಂಟರ್ ಇದೆ, ಅಲ್ಲಿ ಭಾಷೆನೂ ಹೇಳ್ಕೊಡ್ತಾರೆ, ಹಾಡೂ ಹೇಳ್ಕೊಡ್ತಾರೆ. ಎಲ್ಲಾ ಫ್ರೀ."

"ಪುಕ್ಕಟೆ?"

"ಪುಸ್ತಕಾನೂ ಅವ್ರೇ ಕೊಡ್ತಾರೆ ಆಂಟಿ. ಸ್ಪರ್ಧೆ ಬೇರೆ ಇದೆ. ಇಲ್ಲಿ ಗೆದ್ರೆ ಕೊರಿಯಾಕ್ಕೇ ಕರ್ಕೊಂಡ್ ಹೋಗ್ತಾರಂತೆ, ಟಿಕೆಟ್ಟೂ ಅವ್ರದ್ದೇ. ಅಲ್ಲಿಯ ಟೀಚರ್ ಅಂತೂ ನಮ್ಮ ಪ್ರಾಚಿ ವಾಯ್ಸ್ ಕೇಳಿ ಕಣ್ಣಲ್ಲಿ ನೀರ್ ಹಾಕ್ಕೊಂಡ್ರಂತೆ."

ಗುರುದೇವಿಗೆ ಟಿಕೆಟ್ಟು, ಪುಸ್ತಕ ಎಲ್ಲ ಮರೆತು ಈ ಕೊನೆಯ ಮಾತೊಂದೇ ಮನಸ್ಸಿನಲ್ಲಿ ನಿಂತಿತು. ತಾನು ಹತ್ತು ವರ್ಷ ನಲ್ಲಿ ತಿರುಗಿಸಿ ಮುಚ್ಚಿಟ್ಟ ಕಣ್ಣೀರನ್ನು ಯಾವಳೋ ಒಬ್ಬಳು ಎಲ್ಲರೆದುರು ಸುರಿಸಿ ಹೆಸರು ತೆಗೆದುಕೊಂಡಳಲ್ಲ.

"ಸ್ಪರ್ಧಾ ಯಾವಾಗವ್ವಾ?"

"ಮೇ ತಿಂಗ್ಳಲ್ಲಿ." ವೈದೇಹಿಯ ಹೆಜ್ಜೆ ಸದ್ದು ನಿಂತಿತು. "ಅಯ್ಯೋ ಆಂಟಿ, ನಮ್ಮ ಬಸವ ಜಯಂತಿ ಪ್ರೋಗ್ರಾಂ ದಿನಾನೇ ಬಂದ್ಬಿಟ್ಟಿದೆ."

ಹ್ಯಾರೋದ ಸಭಾಂಗಣದಲ್ಲಿ ನಡೆಯುವ ಬಸವ ಜಯಂತಿಗೆ ಈ ಸಲ ಪ್ರಾಚಿ ಒಬ್ಬಳೇ ಕೂತು ವಚನ ಹಾಡಬೇಕೆಂದು ಚಳಿಗಾಲದಿಂದ ತಯಾರಿ ನಡೆದಿತ್ತು. ಗುರುದೇವಿ ಫೋನ್ ಇಟ್ಟು ಒಳಗೆ ಬಂದಳು. ಗಂಡ ಜಗದೇವಪ್ಪ ಸೋಫಾದಲ್ಲಿ ಕಾಲು ಚಾಚಿ ಪತ್ರಿಕೆ ಓದುತ್ತಿದ್ದ. ಕಲಬುರಗಿಯವನು, ಆಪರೇಷನ್ನಿಗೆ ಮೊದಲು ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರಾಗಿ ಇಲ್ಲಿಯ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತನಾದವನು. ನೌಕರಿಯುದ್ದಕ್ಕೂ ಜನರನ್ನು ಮಲಗಿಸಿ ಈಗ ಹೆಂಡತಿಯನ್ನು ಕೆಣಕಿ ಎಬ್ಬಿಸುವುದೇ ಅವನ ಕೆಲಸ.

"ಕೇಳಿದ್ರೇನು? ಆ ಕೊರಿಯಾದವರು ಪುಕ್ಕಟೆ ಹಾಡು ಕಲಿಸಲಿಕತ್ತಾರಂತ."

"ಗೊತ್ತದ," ಎಂದ ಜಗದೇವಪ್ಪ, ಪತ್ರಿಕೆ ಮಡಚದೆ. "ಅವರ ಸರಕಾರ ಭಾಳ ವರ್ಷದಿಂದ ಇದೇ ಕೆಲಸಾ ಮಾಡ್ಲತ್ತದ. ಕಾರು, ಟಿವಿ ಮಾರಿದಂಗ ಹಾಡೂ ಮಾರಬೇಕಂತ ಕೂತು ವಿಚಾರ ಮಾಡ್ಯಾರ. ಈಗ ನೋಡು, ವೆಂಬ್ಲಿ ಸ್ಟೇಡಿಯಂ ತುಂಬತದ. ನಮ್ಮ ಪ್ರೋಗ್ರಾಂನ್ಯಾಗ ಖಾಲಿ ಕುರ್ಚಿ ಕಾಣಬಾರದಂತ ನಾವು ಮೊದಲೇ ಮಡಚಿ ಗ್ವಾಡಿಗೆ ಒರಗಿಸಿ ಇಡತೇವಿ."

"ನಮ್ಮ ಸರಕಾರದವರೂ ಬರತಾರಲ್ಲ."

"ಬರತಾರ. ಶಾಲು ಹೊದಿಸಿಕೋತಾರ, ಫೋಟೊ ಹೊಡಿಸಿಕೋತಾರ, ಥೇಮ್ಸ್‌ನ್ಯಾಗ ಬೋಟಿನ ಮ್ಯಾಲ ಕೂಡತಾರ, ಹೋಗತಾರ. ಹೋದ ಸಲ ಬಂದಾಂವ ನಿನ್ನ ಹಾಡು ನಡದಾಗ ಫೋನಿನ್ಯಾಗ ಯಾರದೋ ವರ್ಗಾವಣಿ ಮಾಡ್ಲತ್ತಿದ್ದ."

"ಹಂಗಂತ ಅವರು ನಮ್ಮ ಹುಡುಗೀನ ಒಯ್ಯಬೇಕೇನು?"

"ನಿನಗ ಹೊಟ್ಟಿಕಿಚ್ಚು ಹತ್ಯದ."

"ನನಗ್ಯಾಕ ಹೊಟ್ಟಿಕಿಚ್ಚು? ಆ ಟೀಚರ್ ನನ್ನ ಸವತಿ ಏನು?"

"ಸವತಿ ಬಂದಿದ್ರ ನಿನ್ನ ಮಾರಿ ಇಷ್ಟು ಕೆಂಪಗಾಗತಿರಲಿಲ್ಲ ಬಿಡು," ಎಂದು ಜಗದೇವಪ್ಪ ಮತ್ತೆ ಪತ್ರಿಕೆಯೊಳಗೆ ಹೋದ.

ಆ ವಾರವಿಡೀ ಗುರುದೇವಿಗೆ ಹೋದಲ್ಲೆಲ್ಲ ಕೊರಿಯಾ. ಇಷ್ಟು ದಿನ ಅದೆಲ್ಲ ಎಲ್ಲಿತ್ತೋ. ರೇನರ್ಸ್ ಲೇನಿನ ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆಯ ಪಕ್ಕದ ಕಪಾಟಿನಲ್ಲಿ ಕೊರಿಯಾದ ನೂಡಲ್ಸಿನ ಕೆಂಪು ಪೊಟ್ಟಣಗಳು ಕೂತಿದ್ದವು. ಗಲ್ಲಾದ ಗುಜರಾತಿ ಹುಡುಗ ಆ ಭಾಷೆಯ ಹಾಡು ಗುನುಗುತ್ತ ಅವಳ ಕೊತ್ತಂಬರಿ ತೂಗಿದ. ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯ ಬ್ಯಾಗಿಗೆ ನೇತುಹಾಕಿದ್ದ, ತಲೆಗೂದಲಿಗೆ ನೇರಳೆ ಬಣ್ಣ ಹಚ್ಚಿದ ಗಾಯಕನ ಗೊಂಬೆ ಇಡೀ ದಾರಿ ಇವಳನ್ನೇ ನೋಡಿ ನಕ್ಕಿತು. ಒಂದು ಸರಕಾರ ಕೂತು, ಬಜೆಟ್ಟು ಹಾಕಿ, ಮಂತ್ರಿಯನ್ನಿಟ್ಟು, ತನ್ನ ಮುಂದಿನ ಕೋಣೆಯ ಒಬ್ಬ ಶಿಷ್ಯೆಯನ್ನು ಎತ್ತಿಕೊಂಡು ಹೋಗಲಿಕ್ಕೆಂದೇ ಇದನ್ನೆಲ್ಲ ಮಾಡಿದ ಹಾಗೆ ಅವಳಿಗೆ ಅನ್ನಿಸತೊಡಗಿತು.

ಮುಂದಿನ ಶನಿವಾರ ಗಂಟಲು ಸರಿ ಇಲ್ಲವೆಂದು ಎಲ್ಲರಿಗೂ ಮೆಸೇಜು ಹಾಕಿ ಕ್ಲಾಸು ರದ್ದು ಮಾಡಿದಳು. ಜಗದೇವಪ್ಪನಿಗೆ ಸೀರೆ ನೋಡಲು ಹೋಗುತ್ತೇನೆಂದಳು. ಟ್ಯೂಬ್ ಹಿಡಿದು ಟ್ರಫಾಲ್ಗರ್ ಚೌಕದ ಹತ್ತಿರ ಇಳಿದು ಆ ಕೇಂದ್ರವನ್ನು ಹುಡುಕಿದಳು. ಒಳಗೆ ಬಿಡುತ್ತಾರೋ ಇಲ್ಲವೋ, ಕೇಳಿದರೆ ಯಾರ ತಾಯಿ ಎಂದು ಹೇಳಬೇಕೋ ಎಂದು ದಾರಿಯುದ್ದಕ್ಕೂ ಸುಳ್ಳು ಹೊಸೆದಿದ್ದು ವ್ಯರ್ಥವಾಯಿತು. ಬಾಗಿಲಲ್ಲಿದ್ದ ಯುವಕ ನಡು ಬಗ್ಗಿಸಿ ನಮಸ್ಕರಿಸಿ, ತರಗತಿಯನ್ನು ಯಾರು ಬೇಕಾದರೂ ನೋಡಬಹುದು ಎಂದ. ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿದ. ಕೂರುವಷ್ಟರಲ್ಲಿ ಬಾರ್ಲಿಯ ಬಿಸಿ ಚಹಾ ಬಂತು. ಇವರು ಹೊಟ್ಟೆಕಿಚ್ಚಿಗೂ ಕುರ್ಚಿ ಹಾಕಿ ಉಪಚಾರ ಮಾಡುತ್ತಾರಲ್ಲ ಎಂದು ಗುರುದೇವಿಗೆ ಇನ್ನಷ್ಟು ಉರಿಯಿತು.

ಟೀಚರು ಬಣ್ಣದ ಕೂದಲಿನ, ಕುಣಿಯುವ ಹುಡುಗಿ ಇರಬಹುದೆಂದು ಅವಳ ಎಣಿಕೆ. ನೋಡಿದರೆ ನಲವತ್ತರ ಹೆಂಗಸು. ಕಪ್ಪು ಬಟ್ಟೆ, ಬಿಗಿದು ಕಟ್ಟಿದ ಕೂದಲು, ಒಡವೆಯಿಲ್ಲದ ಕೈ. ಹೆಸರು ಹಾನ್ ಎಂದು ಗೋಡೆಯ ಮೇಲಿತ್ತು. ಮುಂದೆ ಸೊಮಾಲಿ ಹುಡುಗಿಯರು, ಇಂಗ್ಲಿಷ್ ಹುಡುಗರು, ಒಬ್ಬ ಸರ್ದಾರ ಹುಡುಗ, ಅವರ ನಡುವೆ ಪ್ರಾಚಿ. ಪ್ರಾಚಿ ಎದ್ದು ಹೋಗಿ ಹಾಡಿನ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ ಟೀಚರಿಗೆ ಕೊಟ್ಟಳು. "ಸೊನ್‌ಸೆಂಗ್‌ನಿಮ್," ಎಂದಳು.

"ಹಾಗಂದರೇನು?" ಎಂದು ಗುರುದೇವಿ ಪಕ್ಕದಲ್ಲಿ ಕೂತ ಪೋಲೆಂಡಿನ ತಾಯಿಯೊಬ್ಬಳನ್ನು ಇಂಗ್ಲಿಷಿನಲ್ಲಿ ಕೇಳಿದಳು.

"ಟೀಚರ್ ಅಂತ. ಬರೀ ಟೀಚರ್ ಅಲ್ಲ, ತುಂಬಾ ಮರ್ಯಾದೆಯಿಂದ. ನನ್ನ ಮಗಳು ನನಗೆ ಒಂದು ದಿನವೂ ಹಾಗೆ ತಲೆ ಬಾಗಿಸಿಲ್ಲ," ಎಂದು ಆ ತಾಯಿ ನಕ್ಕಳು.

ಗುರುದೇವಿಗೆ ನಗು ಬರಲಿಲ್ಲ. ಹತ್ತು ವರ್ಷ ಕಲಿಸಿದ ತಾನು ಆಂಟಿ. ಈಲಿಂಗ್ ರೋಡಿನಲ್ಲಿ ಇಡ್ಲಿ ಹಿಟ್ಟು ಮಾರುವವಳೂ ಆಂಟಿ, ಹಲ್ಲಿನ ಡಾಕ್ಟರ ಹತ್ತಿರ ಹೆಸರು ಬರೆದುಕೊಳ್ಳುವವಳೂ ಆಂಟಿ. ನಿನ್ನೆ ಮೊನ್ನೆ ಸಿಕ್ಕ ಇವಳು ಮಾತ್ರ ಗುರು.

ಪ್ರಾಚಿ ಹಾಡಿದಳು. ಭಾಷೆ ತಿಳಿಯಲಿಲ್ಲ, ತಿಳಿಯಬೇಕಾದದ್ದೂ ಇರಲಿಲ್ಲ. ಹಾಡಿನ ನಡುವೆ ಒಂದು ಕಡೆ ದನಿ ಪಂಚಮದಿಂದ ಮೇಲಿನ ಷಡ್ಜಕ್ಕೆ ಒಡೆಯದೆ, ಜಾರದೆ, ಎಣ್ಣೆಯ ಎಳೆಯಂತೆ ಏರಿತು. ಆ ಏರು ಗುರುದೇವಿಯದು. ಒಂದು ಇಡೀ ಚಳಿಗಾಲ, ಹೀಟರಿನ ಪಕ್ಕ ಕೂರಿಸಿಕೊಂಡು, ಹುಡುಗಿ ಅತ್ತರೂ ಬಿಡದೆ ಹೇಳಿಕೊಟ್ಟದ್ದು. ಹಾನ್ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ತನ್ನ ಟ್ರಂಕಿನೊಳಗಿನ ಇಳಕಲ್ ಸೀರೆಯನ್ನು ಬೇರೊಬ್ಬಳು ಉಟ್ಟುಕೊಂಡು ಪೇಟೆಯಲ್ಲಿ ಓಡಾಡುವುದನ್ನು ಕಂಡವಳಂತೆ ಗುರುದೇವಿ ಎದ್ದಳು. ಚಹಾದ ಲೋಟವನ್ನು ಕುರ್ಚಿಯ ಮೇಲಿಟ್ಟು, ಪ್ರಾಚಿ ಇತ್ತ ತಿರುಗುವ ಮೊದಲೇ ಹೊರಬಿದ್ದಳು.

ಮನೆ ಮುಟ್ಟುವಷ್ಟರಲ್ಲಿ ಒಂದು ನಿರ್ಧಾರ ಆಗಿತ್ತು.

"ಪ್ರಾಚಿಗೆ ಗಂಡಾ ಕಟ್ಟತೀನಿ," ಎಂದಳು.

ಜಗದೇವಪ್ಪ ಪತ್ರಿಕೆಯನ್ನು ಈ ಸಲ ಕೆಳಗಿಟ್ಟ.

ಗಂಡಾ ಎಂದರೆ ಕೆಂಪು ದಾರ. ಧಾರವಾಡದ ಕಡೆ ಹಿಂದೂಸ್ತಾನಿ ಸಂಗೀತದವರಲ್ಲಿ ಗುರು ತನ್ನ ಶಿಷ್ಯರಲ್ಲಿ ಒಬ್ಬರನ್ನೋ ಇಬ್ಬರನ್ನೋ ಆರಿಸಿ ಕೈಗೆ ಈ ದಾರ ಕಟ್ಟಿ, ಬಾಯಿಗೆ ಕಡಲೆ-ಬೆಲ್ಲ ಹಾಕುತ್ತಾನೆ. ಅಲ್ಲಿಂದ ಮುಂದೆ ಶಿಷ್ಯೆ ಆ ಮನೆತನದವಳು. ಗುರು ಹ್ಞೂಂ ಅನ್ನದೆ ಬೇರೆಯವರ ಹತ್ತಿರ ಕಲಿಯುವ ಹಾಗಿಲ್ಲ, ಬೇರೆ ವೇದಿಕೆ ಹತ್ತುವ ಹಾಗಿಲ್ಲ. ಅದನ್ನು ಗುರು ತಾನಾಗಿ ಕಟ್ಟುವುದೂ ಇಲ್ಲ. ಶಿಷ್ಯೆ ಕೇಳಬೇಕು, ಕೇಳಿ ಕಾಯಬೇಕು. ಗುರುದೇವಿ ಕೇಳಿದ್ದಳು, ಕಾದಿದ್ದಳು. ಪ್ರತಿ ಗುರುಪೂರ್ಣಿಮೆಗೂ ಮಾಸ್ತರರು "ಮುಂದಿನ ವರ್ಷ ನೋಡೋಣಂತ ತಡಿ" ಎನ್ನುತ್ತಿದ್ದರು. ಅವಳೆದುರಿಗೇ ಇನ್ನೊಬ್ಬಳಿಗೆ ಕಟ್ಟಿದರು. ಆಮೇಲೆ ಮದುವೆ ಬಂತು, ವಿಮಾನ ಬಂತು, ಮಾಸ್ತರರು ತೀರಿಕೊಂಡ ಸುದ್ದಿಯೂ ಬಂತು.

"ಅಲ್ಲ, ನಿನಗ ಯಾರು ಕಟ್ಟ್ಯಾರ?" ಎಂದು ಜಗದೇವಪ್ಪ ಮೆಲ್ಲಗೆ ಕೇಳಿದ. "ನಿನಗಿಲ್ಲದ್ದು ಅಕಿಗಿ ಹ್ಯಾಂಗ ಕೊಡ್ತಿ?"

"ಲಂಡನ್ನಿನ್ಯಾಗ ಅದನ್ನ ಕೇಳವರು ಯಾರದಾರ?"

"ನಾ ಕೇಳ್ಲತ್ತೀನಲ್ಲ."

"ನೀವು ಸುಮ್ನ ಕೂಡ್ರಿ," ಎಂದಳು ಗುರುದೇವಿ. ಮೂವತ್ತು ವರ್ಷದ ಸಂಸಾರದಲ್ಲಿ ಆ ಮಾತನ್ನು ಅಷ್ಟು ಬಿರುಸಾಗಿ ಅಂದದ್ದು ಕಡಿಮೆ. ಅವನು ಪತ್ರಿಕೆಯನ್ನು ಮತ್ತೆ ಎತ್ತಿಕೊಂಡ.

ಸಮಾರಂಭಕ್ಕೆ ವೈದೇಹಿ ರೇಷ್ಮೆ ಸೀರೆ ಉಟ್ಟು ಬಂದಳು. ಅವಳ ಗಂಡ ಸತ್ಯಪ್ರಕಾಶ ಮೊಬೈಲಿನಲ್ಲಿ ವಿಡಿಯೊ ಹಿಡಿದ. ಹಾರ್ಮೋನಿಯಂ ಮೇಲಿನ ಗೋಡೆಯಲ್ಲಿದ್ದ ಮಾಸ್ತರರ ಫೋಟೊಕ್ಕೆ ಹೂವಿನ ಮಾಲೆ ಬಿತ್ತು. ಪ್ರಾಚಿ ಏನೆಂದು ಗೊತ್ತಾಗದಿದ್ದರೂ ಚೆನ್ನಾಗಿದೆ ಅನ್ನುವ ನಗುವಿನಲ್ಲಿ ಕೈ ಚಾಚಿದಳು. ಗುರುದೇವಿ ದಾರ ಸುತ್ತಿ ಮೂರು ಗಂಟು ಹಾಕಿದಳು, ಅವಳ ಬಾಯಿಗೆ ಕಡಲೆ-ಬೆಲ್ಲ ಇಟ್ಟಳು.

"ಸೋ ಕ್ಯೂಟ್. ವಾಟ್ ಡಸ್ ಇಟ್ ಮೀನ್, ಆಂಟಿ?"

ಗುರುದೇವಿ ಆಗ, ಕಟ್ಟಿ ಮುಗಿದ ಮೇಲೆ, ಕಟ್ಟಳೆ ಹೇಳಿದಳು. ಮೊದಲೇ ಹೇಳಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು. ಹುಡುಗಿ ಕಡಲೆ ಅಗಿಯುವುದನ್ನು ನಿಲ್ಲಿಸಿದಳು.

"ಬಟ್ ಮೈ ಕಾಂಪಿಟಿಶನ್?"

"ಅವತ್ತ ಬಸವ ಜಯಂತಿ ಐತಿ, ತಂಗಿ. ನೀ ವಚನ ಹಾಡಬೇಕು."

"ಪುಟ್ಟಾ, ದೊಡ್ಡೋರು ಹೇಳ್ತಿದ್ದಾರೆ," ಎಂದಳು ವೈದೇಹಿ, ಆದರೆ ಅವಳ ದನಿಯೂ ಸ್ವಲ್ಪ ಇಳಿದಿತ್ತು. ಸತ್ಯಪ್ರಕಾಶ ವಿಡಿಯೊ ನಿಲ್ಲಿಸಿದ.

ಪ್ರಾಚಿ ಕೈಯ ದಾರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ವಾದ ಮಾಡುತ್ತಾಳೆಂದು ಗುರುದೇವಿ ಸಿದ್ಧಳಾಗಿದ್ದಳು. ಹುಡುಗಿ "ಓಕೆ, ಆಂಟಿ," ಎಂದಳು, ಅಷ್ಟೆ.

ಆ ಓಕೆಯನ್ನು ಹಿಡಿದುಕೊಂಡು ಗುರುದೇವಿ ಎರಡು ದಿನ ಹಬ್ಬ ಮಾಡಿದಳು. ಹೋಳಿಗೆ ಮಾಡಿದಳು. ಕಿರಾಣಿ ಅಂಗಡಿಗೆ ಹೋಗಿ ಆ ಕೆಂಪು ನೂಡಲ್ಸ್ ಪೊಟ್ಟಣಗಳ ಮುಂದೆ ನಿಂತು, ಸೋತವರನ್ನು ನೋಡುವಂತೆ ಅವನ್ನು ನೋಡಿ ಬಂದಳು. ಒಂದು ಸರಕಾರಕ್ಕೆ ಒಂದು ಗೇಣು ದಾರ ಸಾಕಾಯಿತು. ಮೂರನೆಯ ದಿನ ಪ್ರಾಚಿಯ ಫೋನ್ ಬಂತು.

"ಆಂಟಿ, ಮೈ ಕೊರಿಯನ್ ಟೀಚರ್... ಅವರು ನಿಮ್ಮ ಮನೆಗೆ ಬರ್ತಾರೆ. ಈಸ್ ಸ್ಯಾಟರ್ಡೇ ಓಕೆ?"

"ಜಗಳಾಡಲಿಕ್ಕೇನು?"

"ನೋ ನೋ. ಟು ಆಸ್ಕ್ ಯುವರ್ ಪರ್ಮಿಷನ್."

ಗುರುದೇವಿ ಆ ಶನಿವಾರ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕುಂಕುಮ ದೊಡ್ಡದಾಗಿ ಇಟ್ಟು, ಕದನಕ್ಕೆ ಕೂತಳು. ಬಾಗಿಲು ತೆರೆದಾಗ ಪ್ರಾಚಿಯ ಜೊತೆ ಹಾನ್ ಇಬ್ಬನಿಯಂಥ ಮಳೆಯಲ್ಲಿ ನೆನೆದು ನಿಂತಿದ್ದಳು. ಹೇಳುವ ಮೊದಲೇ ಶೂ ಬಿಚ್ಚಿ, ತುದಿ ಹೊರಗೆ ಮಾಡಿ ಜೋಡಿಸಿಟ್ಟಳು. ಬಟ್ಟೆಯಲ್ಲಿ ಕಟ್ಟಿದ ಪೇರ್ ಹಣ್ಣಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಕೊಟ್ಟಳು. ಒಂದೊಂದು ಹಣ್ಣೂ ತೆಂಗಿನಕಾಯಿಯ ಅರ್ಧದಷ್ಟಿತ್ತು. ಸೋಫಾ ತೋರಿಸಿದರೆ ಬೇಡವೆಂದು, ಮಕ್ಕಳು ಕೂರುವ ಜಮಖಾನೆಯ ಮೇಲೆ ಮಂಡಿಯೂರಿ ಕೂತಳು. ಗೋಡೆಯ ಫೋಟೊಕ್ಕೂ ಒಮ್ಮೆ ತಲೆ ಬಾಗಿಸಿದಳು. ತಪ್ಪು ಹಿಡಿಯಲಿಕ್ಕೆ ಒಂದೂ ಸಿಗದೆ ಗುರುದೇವಿಗೆ ಸಂಕಟವಾಯಿತು.

ಮಾತು ಇಂಗ್ಲಿಷಿನಲ್ಲಿ ನಡೆಯಿತು. ಇಬ್ಬರದೂ ನಿಧಾನದ ಇಂಗ್ಲಿಷು, ನಡುವೆ ಪ್ರಾಚಿ.

"ನಾನು ಮೊದಲೇ ಬಂದು ನಿಮ್ಮನ್ನು ನೋಡಬೇಕಿತ್ತು," ಎಂದಳು ಹಾನ್. "ಈ ದನಿಯನ್ನು ಯಾರೋ ಕೂತು ತಿದ್ದಿದ್ದಾರೆ ಎಂದು ಮೊದಲ ದಿನವೇ ಗೊತ್ತಾಯಿತು. ಯಾರು ಎಂದು ಕೇಳಲಿಲ್ಲ. ಅದು ನನ್ನ ತಪ್ಪು."

ತಪ್ಪು ಒಪ್ಪಿಕೊಳ್ಳುವುದನ್ನೂ ಇವಳು ಚೆನ್ನಾಗಿಯೇ ಮಾಡುತ್ತಾಳೆ ಎಂದುಕೊಂಡಳು ಗುರುದೇವಿ. "ನೀವು ಕಲಿತದ್ದೂ ಈ ಪಾಪ್ ಹಾಡುಗಳನ್ನೇ ಏನು?" ಎಂದು ಸ್ವಲ್ಪ ಚುಚ್ಚಿಯೇ ಕೇಳಿದಳು.

"ಅಲ್ಲ. ಪಾನ್ಸೊರಿ ಅಂತ, ನಮ್ಮ ಹಳೆಯ ಹಾಡುಗಾರಿಕೆ. ಒಬ್ಬರು ಡೋಲು ಬಾರಿಸುತ್ತಾರೆ, ಒಬ್ಬರು ನಿಂತು ಗಂಟೆಗಟ್ಟಲೆ ಕಥೆ ಹಾಡುತ್ತಾರೆ. ನನ್ನ ಗುರು ಜಲಪಾತದ ಎದುರು ನಿಲ್ಲಿಸಿ ಹಾಡಿಸುತ್ತಿದ್ದರು, ನೀರಿನ ಸದ್ದಿಗಿಂತ ನನ್ನ ದನಿ ಜೋರಾಗಿ ಕೇಳುವವರೆಗೆ." ಹಾನ್ ಆ ಗುರುವಿನ ಹೆಸರು ಹೇಳಿದಳು, ಅವರ ಗುರುವಿನ ಹೆಸರು, ಅದರ ಹಿಂದಿನವರದು, ಬೆರಳು ಮಡಚುತ್ತ ಹೇಳುತ್ತಲೇ ಹೋದಳು. "ಸರಕಾರ ಆ ಹಳೆಯ ಹಾಡಿಗೂ ಹಣ ಕೊಡುತ್ತದೆ. ಆದರೆ ಈ ಊರಿನ ಮಕ್ಕಳು ಬರುವುದು ಈ ಪಾಪ್ ಹಾಡಿಗೆ. ಬಂದವರಲ್ಲಿ ಒಬ್ಬರಾದರೂ ಅದನ್ನು ಕೇಳಿಯಾರು ಎಂದು ಇದನ್ನು ಕಲಿಸುತ್ತೇನೆ."

ಆ ಮಡಚಿದ ಬೆರಳುಗಳನ್ನೇ ಗುರುದೇವಿ ನೋಡುತ್ತಿದ್ದಳು. ಇಷ್ಟು ದಿನದ ಉರಿ ಸರಕಾರದ ಮೇಲೆ, ಸ್ಟೇಡಿಯಂ ಮೇಲೆ, ಪುಕ್ಕಟೆ ಪುಸ್ತಕದ ಮೇಲೆ ಇತ್ತು. ಈಗ ಅದೆಲ್ಲ ಸಣ್ಣದಾಗಿ, ಆ ಬೆರಳುಗಳ ಮೇಲೆ ಬಂದು ನಿಂತಿತು. ಇವಳ ಗುರು ಇವಳನ್ನು ನನ್ನವಳು ಎಂದಿದ್ದಾರೆ.

ಹಾನ್ ಪ್ರಾಚಿಯ ಕೈ ನೋಡಿದಳು. "ದಾರದ ವಿಷಯ ಇವಳು ಹೇಳಿದಳು. ನಮ್ಮಲ್ಲಿ ದಾರ ಇಲ್ಲ, ಆದರೂ ಅರ್ಥವಾಯಿತು. ನಿಮಗೆ ಇದನ್ನು ಕಟ್ಟಿದ ಗುರುಗಳು ಯಾರು?"

"ದಟ್ಸ್ ಹಿಮ್," ಎಂದಳು ಪ್ರಾಚಿ ಫೋಟೊದ ಕಡೆ ಕೈ ಮಾಡಿ, ಹೆಮ್ಮೆಯಿಂದ. "ರೈಟ್, ಆಂಟಿ?"

ಬರೀ ತಲೆಯಾಡಿಸಿದ್ದರೆ ಸಾಕಿತ್ತು. ಸುಳ್ಳನ್ನು ಹುಡುಗಿಯೇ ಹೊಸೆದು ಕೈಗೆ ಕೊಟ್ಟಿದ್ದಳು. ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ಬಂದ ಜಗದೇವಪ್ಪ ನಿಂತಲ್ಲೇ ನಿಂತು ಕಪ್ಪುಗಳನ್ನು ಎಣಿಸುವವನ ಹಾಗೆ ಕಣ್ಣು ಕೆಳಗೆ ಹಾಕಿದ. ಅವನು ಬಾಯಿಬಿಡುವವನಲ್ಲ. ಗುರುದೇವಿ ಫೋಟೊ ನೋಡಿದಳು. ತಲೆಯಾಡಿಸಲು ಮನಸ್ಸಾಗಲಿಲ್ಲ. ಆಮೇಲೆ ಪ್ರಾಚಿಯ ಕಡೆ ತಿರುಗಿ, ಹಾನ್‌ಗೆ ತಿಳಿಯದ ಹಾಗೆ, ಕನ್ನಡದಲ್ಲಿ ಹೇಳಿದಳು.

"ಗುರುಗಳು ಅವರೇ. ಆದ್ರ ಅವರು ನನಗ ಕಟ್ಟಲಿಲ್ಲ, ತಂಗಿ. ಬ್ಯಾರೆದಾಕಿಗೆ ಕಟ್ಟಿದ್ರು. ನಿನಗ ಕಟ್ಟೋ ಹಕ್ಕು ನನಗಿಲ್ಲ. ನೀ ಇವರ ಕಡೆ ಹೋಗ್ತಿ ಅಂತ ಹೊಟ್ಟಿಕಿಚ್ಚಿಗೆ ಕಟ್ಟಿದೆ."

ಪ್ರಾಚಿಯ ಬಾಯಿ ಅರ್ಧ ತೆರೆದು ನಿಂತಿತು. ಹಾನ್ ಇಬ್ಬರ ಮುಖವನ್ನೂ ನೋಡಿದಳು.

"ಏನು ಹೇಳಿದರು?"

ಹುಡುಗಿ ಗುರುದೇವಿಯನ್ನು ನೋಡಿದಳು, ದಾರವನ್ನು ನೋಡಿದಳು. "ಗಂಟು ಸರಿಯಾಗಿ ಬಿದ್ದಿಲ್ಲವಂತೆ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಬಿಚ್ಚಬೇಕಂತೆ."

ಗುರುದೇವಿಗೆ ಹತ್ತು ವರ್ಷದಲ್ಲಿ ಒಂದು ಸಲವೂ ಇವಳು ತನ್ನವಳು ಎಂದು ಇಷ್ಟು ಅನ್ನಿಸಿರಲಿಲ್ಲ. ಹುಡುಗಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಗಂಟಿಗೆ ಉಗುರು ಹಾಕಿದಳು. ಸ್ನಾನದ ನೀರು ಬಿದ್ದು ಬಿದ್ದು ಗಂಟು ಕಲ್ಲಾಗಿತ್ತು.

"ಕತ್ತರಿ ತರಲೇನು?" ಎಂದ ಜಗದೇವಪ್ಪ.

"ಬ್ಯಾಡ. ಕತ್ತರಸಬಾರದು ಇದನ್ನ. ಬಿಚ್ಚಬೇಕು."

ಚಹಾ ಆರುವವರೆಗೆ ಬಿಚ್ಚಿದಳು. ದಾರ ಕೈಗೆ ಬಂದದ್ದೇ ತಡ, ಪ್ರಾಚಿ, "ಸೋ ಐ ಕ್ಯಾನ್ ಗೋ?" ಎಂದಳು. ಅವಳ ಮುಖ ಅರಳಿದ್ದು ನೋಡಿ ಗುರುದೇವಿಗೆ ಗಂಟು ಬಿಚ್ಚಿದ ಬೆರಳಿಗಿಂತ ಹೆಚ್ಚು ನೋವಾಯಿತು. ಅಷ್ಟೊಂದು ಆಸೆ ಇತ್ತೇನು ಇವಳಿಗೆ.

"ಹೋಗು. ಜಯಂತಿಗೆ ಶರಣ್ಯಾ ಹಾಡ್ತಾಳ, ಇಲ್ಲಾ ನಾನೇ ಹಾಡ್ತೀನಿ. ಆದ್ರ ನಿನ್ನ ಸ್ಪರ್ಧಾಕ್ಕ ನನಗ ಬರಲಿಕ್ಕಾಗೂದಿಲ್ಲ. ಅದಕ್ಕ ಇಲ್ಲೇ ಹಾಡು ಈಗ. ನನ್ನ ಮುಂದ."

ಹಾರ್ಮೋನಿಯಂ ಎಳೆದುಕೊಂಡು ಶ್ರುತಿ ಹಿಡಿದಳು. ಪ್ರಾಚಿ ನಿಂತು ಹಾಡಿದಳು. ಹತ್ತಿರದಿಂದ ಕೇಳಿದರೆ ಇನ್ನೂ ಚೆನ್ನಾಗಿತ್ತು, ಅದೇ ತೊಂದರೆ. ಮೇಲಕ್ಕೆ ಏರುವ ಜಾಗ ಬಂದಾಗ ಗುರುದೇವಿ ಕೈ ಎತ್ತಿದಳು.

"ನಿಲ್ಲು. ಏರೋಕಿಂತ ಮೊದಲ ಉಸಿರು ಕದಿತೀ. ಪೂರಾ ತಗೋ, ಆಮ್ಯಾಲ ಏರು."

ಪ್ರಾಚಿ ಮತ್ತೆ ಹಾಡಿದಳು. ಈ ಸಲ ಸರಿಯಾಯಿತು.

"ನಾನು ಇದನ್ನೇ ಒಂದು ತಿಂಗಳಿಂದ ಹೇಳುತ್ತಿದ್ದೇನೆ," ಎಂದು ಹಾನ್ ನಕ್ಕಳು. "ನನ್ನ ಮಾತು ಕೇಳಿರಲಿಲ್ಲ."

"ಹೇಳೋರು ಹೇಳಬೇಕು," ಎಂದಳು ಗುರುದೇವಿ ಕನ್ನಡದಲ್ಲಿ. ಪ್ರಾಚಿ ಅದನ್ನೂ ಇಂಗ್ಲಿಷಿಗೆ ತರಲಿಲ್ಲ. ಆದರೆ ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಕೊನೆಯ ಸಾಲಿನಲ್ಲಿ ದನಿಯನ್ನು ಅಷ್ಟು ಬೇಗ ಇಳಿಸಬೇಡ, ಕೇಳುವವರು ದನಿಯ ಹತ್ತಿರ ಬರಲಿ, ಅಲ್ಲಿಯವರೆಗೆ ಕಾಯು ಎಂದು ಹಾನ್ ಮೆಲ್ಲಗೆ ಹೇಳಿದಳು. ಹುಡುಗಿ ಕಾದಳು. ಆ ಕಾಯುವಿಕೆಯಲ್ಲಿ ಕೋಣೆಯೇ ನಿಂತು ಕೇಳಿದ ಹಾಗಾಯಿತು. ಇದು ತನಗೆ ಹೊಳೆದಿರಲಿಲ್ಲ ಎಂದು ಗುರುದೇವಿಗೆ ತಿಳಿಯಿತು. ಹಾರ್ಮೋನಿಯಂ ತಿದಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಮುಚ್ಚಿದಳು. ಅಡುಗೆಮನೆಯ ಕಡೆ ಏಳಹೋಗಿ, ಅರ್ಧಕ್ಕೆ ನಿಂತು, ಹುಡುಗಿಯ ಎದುರಿಗೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಚಂದ ಹಾಡಿದಿ," ಎಂದಳು.

"ರಿಯಲಿ?" ಎಂದಳು ಪ್ರಾಚಿ, ನಂಬಿಕೆ ಬರದೆ.

"ಮತ್ತ ಮತ್ತ ಹೇಳಂಗಿಲ್ಲ ನಾ."

ಅವರು ಹೊರಟಾಗ ಮಳೆ ನಿಂತಿತ್ತು. ಪ್ರಾಚಿ ಟೀಚರ ಚೀಲವನ್ನು ತಾನೇ ಎತ್ತಿಕೊಂಡಳು. "ಬೈ ಆಂಟಿ," ಎಂದು ಕೈ ಬೀಸಿದಳು. ಗುರುದೇವಿ ಕಿಟಕಿಯ ಪರದೆ ಸರಿಸಿ ನೋಡಿದಳು. ಸ್ಟೇಷನ್ನಿನ ಕಡೆ ಇಬ್ಬರೂ ಏನೋ ಮಾತಾಡುತ್ತ, ನಗುತ್ತ ಹೋದರು. ಏನಿರಬಹುದು ಅಂಥ ನಗುವ ಮಾತು ಎಂದು ತಿರುವು ದಾಟುವವರೆಗೆ ನೋಡಿದಳು, ದಾಟಿದ ಮೇಲೂ ನೋಡಿದಳು.

ಹಿಂದೆ ಜಗದೇವಪ್ಪ ಪೆಟ್ಟಿಗೆಯ ಬಟ್ಟೆ ಬಿಚ್ಚುತ್ತಿದ್ದ. "ಎಷ್ಟು ದೊಡ್ಡ ಹಣ್ಣು ನೋಡಿಲ್ಲಿ. ಕೊಯ್ಯಲೇನು?"

"ಕೊಯ್ರಿ," ಎಂದಳು ಗುರುದೇವಿ ಕಿಟಕಿ ಬಿಡದೆ. "ಸಿಹಿ ಇದ್ರ ನನ್ನ ಮುಂದ ಹೇಳಬ್ಯಾಡ್ರಿ."

ಜಗದೇವಪ್ಪ ಒಂದು ಹೋಳು ತಿಂದ. ಏನೂ ಹೇಳಲಿಲ್ಲ. ಇನ್ನೊಂದು ಹೋಳು ಬಾಯಿಗಿಟ್ಟುಕೊಂಡ.